ಒಣದ್ರಾಕ್ಷಿ ಚಾಕೊಲೇಟಿನ ಸ್ಥಿರರೂಪ

ಚಾಕೊಲೇಟಿನ ಮೇಲೆ ಕಟ್ಟಿದ ಆ ಬಿಳುಪು ಬೂಸ್ಟಲ್ಲ ಎಂಬುದು ಆ ಮನೆಯಲ್ಲಿ ಸುಹಾಸನೊಬ್ಬನಿಗೇ ಗೊತ್ತಿತ್ತು. ಬೂಸ್ಟಲ್ಲದಿದ್ದರೆ ಮತ್ತೇನು ಎಂಬುದೂ ಗೊತ್ತಿತ್ತು, ಹೇಗೆ ಬಂತು ಎಂಬುದೂ ಗೊತ್ತಿತ್ತು. ಈ ಕೊನೆಯದು ಗೊತ್ತಿದ್ದುದರಿಂದಲೇ ಮೊದಲಿನೆರಡನ್ನು ಹೇಳಲು ನಾಲಿಗೆ ಏಳುತ್ತಿರಲಿಲ್ಲ. ಬೋರಗಾಂವದ ಮಾವನ ಮನೆಯ ಪಡಸಾಲೆಯಲ್ಲಿ, ಅಳಿಯ ಬಂದಾಗ ಮಾತ್ರ ಹಾಸುವ ಗಾದಿಯ ಮೇಲೆ, ಅವನು ಆ ಮಗ್ಗುಲಿಗೊಮ್ಮೆ ಈ ಮಗ್ಗುಲಿಗೊಮ್ಮೆ ವಾಲುತ್ತ ಕೂತಿದ್ದ. ಎದುರಿಗೆ ಅತ್ತೆ ಕಾಶಿಬಾಯಿ ಕನ್ನಡಕ ಏರಿಸಿಕೊಂಡು, ಒಣದ್ರಾಕ್ಷಿ ತುಂಬಿದ ಚಾಕೊಲೇಟಿನ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಕ್ಕಿಯಲ್ಲಿ ಹುಳ ಹುಡುಕುವ ಶ್ರದ್ಧೆಯಿಂದ ನೋಡುತ್ತಿದ್ದಳು. ಕಾಗದದ ಪುಟ್ಟ ಬಟ್ಟಲುಗಳಲ್ಲಿ ಕೂತ ಒಂದೊಂದು ಚಾಕೊಲೇಟಿನ ಮೇಲೂ ಬೂದಿ ಉದುರಿಸಿದ ಹಾಗೆ ಬಿಳಿಯ ಪೊರೆ. ಗೋಡೆಯಾಚೆ ಮಾವನ ಕರೆಂಟಿನ ಮಗ್ಗಗಳು ಖಟಪಟ ಬಡಿದುಕೊಳ್ಳುತ್ತಿದ್ದವು. ಆ ಸದ್ದಿನಿಂದಾಗಿ ಆ ಮನೆಯಲ್ಲಿ ಗುಟ್ಟಿನ ಮಾತನ್ನೂ ಕೂಗಿಯೇ ಹೇಳುವ ರೂಢಿ.

“ಇದಕ್ಕ ಬುರಶಿ ಬಂದೈತಿ,” ಎಂದು ಕಾಶಿಬಾಯಿ ಕೂಗಿ ಹೇಳಿದಳು. “ಒಂದೊಂದರ ಮ್ಯಾಲೂ ಅನಂತ ಜೀವ ಅದಾವ.”

ಬೇರೆಯವರ ಮನೆಯಲ್ಲಾದರೆ ಬೂಸ್ಟು ಬಂದದ್ದನ್ನು ಎತ್ತಿ ತಿಪ್ಪೆಗೆ ಎಸೆದು ಕೈ ತೊಳೆದುಕೊಳ್ಳುತ್ತಾರೆ. ಕಾಶಿಬಾಯಿಯ ಮನೆಯಲ್ಲಿ ಹಾಗಲ್ಲ. ಹಿಟ್ಟು ಬೇಸಿಗೆಯಲ್ಲಿ ಎಷ್ಟು ದಿನ, ಮಳೆಗಾಲದಲ್ಲಿ ಎಷ್ಟು ದಿನ ಎಂದು ಲೆಕ್ಕವಿಟ್ಟು ಬೀಸಿಸುವ ಮನೆ ಅದು. ಸೂರ್ಯ ಮುಳುಗಿದ ಮೇಲೆ ಒಲೆಯ ಕಡೆ ಯಾರೂ ಸುಳಿಯುವುದಿಲ್ಲ. ಡಬ್ಬಿ ಕಳಿಸಿದವರೂ ಜೈನರೇ, ಕಾಗವಾಡದ ಕಡೆಯ ದ್ರಾಕ್ಷಿ ತೋಟದವರು. ಅವರ ಮಗ ಶ್ರೀಪಾಲನಿಗೆ ಸುಹಾಸನ ನಾದಿನಿ ದೀಪಾಲಿಯನ್ನು ಕೊಡುವ ಮಾತು ಹೆಚ್ಚುಕಡಿಮೆ ಮುಗಿದಿತ್ತು. ಅವನು ತನ್ನ ತೋಟದ ಒಣದ್ರಾಕ್ಷಿಯನ್ನು ಚಾಕೊಲೇಟಿನಲ್ಲಿ ಅದ್ದಿ, ತಾನೇ ಕೈಯಾರೆ ಮಾಡಿ, ಹುಡುಗಿಗೆಂದು ಮೊದಲ ಉಡುಗೊರೆ ಕಳಿಸಿದ್ದ. ಶ್ರಾವಕರ ಮನೆಯಿಂದ ಶ್ರಾವಕರ ಮನೆಗೆ ಬೂಸ್ಟು. ಕೂಳು ನೋಡಿ ಕಳಿಸಲಾರದವರು ನಾಳೆ ಮಗಳನ್ನು ಏನು ನೋಡಿಕೊಂಡಾರು ಎಂದು ಕಾಶಿಬಾಯಿ ಕೇಳಿದಳು. ಮಾವ ತವನಪ್ಪನವರು ಮಾತಿಗಿಂತ ಮೌನಕ್ಕೆ ಹೆಚ್ಚು ಒಗ್ಗಿದವರು, ಕಿವಿಯನ್ನು ಅರ್ಧ ಮಗ್ಗಕ್ಕೆ ಒಪ್ಪಿಸಿದವರು. ಸಂಜೆಯ ಊಟಕ್ಕೆ ಮುಂಚೆ ಕಾಗವಾಡಕ್ಕೆ ಫೋನು ಮಾಡಿ ಸಂಬಂಧ ಬೇಡವೆಂದು ಹೇಳಿಬಿಡೋಣ ಎಂದರು. ಬಾಗಿಲ ಹತ್ತಿರ ನಿಂತಿದ್ದ ದೀಪಾಲಿ ಒಳಗೆ ಹೋದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನಿಗೂ ಒಂದು ಸುಖವಿದೆ, ಅವನ ಹೆಗಲ ಮೇಲಿನ ಬೂದಿ ಎಲ್ಲರಿಗೂ ಕಾಣುತ್ತದೆ, ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಸುಹಾಸನ ಹೆಗಲ ಮೇಲೆ ಏನೂ ಇರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಇತ್ತು, ಅಂಗಿಯ ಕಿಸೆಯಲ್ಲಿ ಪೆನ್ನಿತ್ತು. ಚಿಕ್ಕೋಡಿಯ ಕಾಲೇಜಿನಲ್ಲಿ ಅವನು ರಸಾಯನಶಾಸ್ತ್ರದ ಅಧ್ಯಾಪಕ. ಅವನ ಪಿಎಚ್‌ಡಿ ಮದುವೆಗೆ ಮುಂಚೆ ಮುಗಿಯುವುದಿತ್ತು, ಆಮೇಲೆ ಮಗಳು ಹುಟ್ಟುವ ಮುಂಚೆ, ಈಗ ಮಗಳು ಶಾಲೆಗೆ ಹೋಗುತ್ತಿದ್ದಳು. ವಿಷಯ ಮಾತ್ರ ಚೆಲುವಾದದ್ದು. ನಾವು ನುಂಗುವ ಜ್ವರದ ಮಾತ್ರೆಯ ಹರಳು ಒಂದೇ ಬಗೆಯದಲ್ಲ. ಅದೇ ಅಣುಗಳು ಒಂದು ರೀತಿ ಸಾಲುಗಟ್ಟಿ ನಿಂತರೆ ಒಂದು ಹರಳು, ಇನ್ನೊಂದು ರೀತಿ ನಿಂತರೆ ಇನ್ನೊಂದು. ಯಾವುದು ಸ್ಥಿರ, ಯಾವುದು ಅಲ್ಲ ಎನ್ನುವುದನ್ನು ಒಂದು ನಕ್ಷೆ ಹೇಳುತ್ತದೆ. ಮಲಗಿದ ಗೆರೆಯ ಮೇಲೆ ತಾಪ, ನಿಂತ ಗೆರೆಯ ಮೇಲೆ ಒತ್ತಡ, ನಡುವೆ ಹೊಲದ ಬದುವಿನಂಥ ಎಲ್ಲೆಗಳು. ಬದುವಿನ ಈಚೆಗೆ ಇದು ರಾಜ, ಆಚೆಗೆ ಅದು. ಅವನ ಗೈಡು, ಬಿಳಿ ಮೀಸೆಯ ಮುದುಕರು, ಯಾವ ರೂಪ ಸ್ಥಿರ ಸರ್ ಎಂದು ಕೇಳಿದಾಗಲೆಲ್ಲ ಮೊದಲು ಒತ್ತಡ ಎಷ್ಟು ಅಂತ ಹೇಳು ಎನ್ನುತ್ತಿದ್ದರು. ಅದನ್ನು ಕೇಳೀ ಕೇಳೀ ಸುಹಾಸನಿಗೆ ಮನುಷ್ಯರನ್ನೂ ಹಾಗೇ ನೋಡುವ ಚಟ ಹತ್ತಿತ್ತು. ಚಿಕ್ಕೋಡಿಯ ತಾಪ ಒತ್ತಡಗಳಲ್ಲಿ ಅವನು ಬೋರ್ಡಿನ ಮುಂದೆ ಕೈ ಬೀಸಿ ಮಾತಾಡುವ ಸರ್. ನಿಪ್ಪಾಣಿ ದಾಟಿ ಬೋರಗಾಂವದ ರಸ್ತೆ ಹಿಡಿದರೆ ಸಾಕು, ಎಲ್ಲೋ ಒಂದು ಕಡೆ ಕಾಣದ ಎಲ್ಲೆ ದಾಟಿ, ಕಾಲು ಮಡಚಿ ಕೂತು ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿಯುವ ಅಳಿಯ. ಅಣುಗಳು ಅವೇ. ಕಾಶಿಬಾಯಿಯ ಒತ್ತಡವನ್ನು ಅಳೆಯುವ ಯಂತ್ರ ಮಾತ್ರ ಯಾವ ಪ್ರಯೋಗಾಲಯದಲ್ಲೂ ಇರಲಿಲ್ಲ.

ಅಂಥವನ ಕೈಗೇ ಶ್ರೀಪಾಲ ಮಂಗಳವಾರ ಆ ಡಬ್ಬಿ ಕೊಟ್ಟಿದ್ದ. ಅಥಣಿಯಲ್ಲಿ ಪ್ರಾಯೋಗಿಕ ಪರೀಕ್ಷೆಗೆಂದು ಹೋದವನನ್ನು ಕಾಲೇಜಿನ ಗೇಟಿನಲ್ಲಿ ಕಾದು ನಿಂತು, ಹೆಣ್ಣಿನ ಮನೆಯವರೆಂಬ ಸಂಕೋಚದಲ್ಲಿ ಕಣ್ಣೆತ್ತದೆ, ಬಿಸಲಾಗ ಮಾತ್ರ ಇಡಬ್ಯಾಡ್ರಿ ಸರ್, ಖರೇ ಕೋಕೋ ಬೆಣ್ಣಿ ಹಾಕೀನಿ ಎಂದಿದ್ದ. ಸುಹಾಸ ನಕ್ಕಿದ್ದ. ಯಾರಿಗೆ ಹೇಳುತ್ತಿದ್ದಾನೆ ಇವನು? ಕೋಕೋ ಬೆಣ್ಣೆಗೆ ಆರು ಹರಳುರೂಪಗಳಿವೆ, ಐದನೆಯದಕ್ಕೆ ಮಾತ್ರ ಆ ಹೊಳಪು, ಆ ಟಕ್ ಎಂದು ಮುರಿಯುವ ಗುಣ. ಅದನ್ನು ಹದವಾಗಿ ಕಾಯಿಸಿ, ಆರಿಸಿ, ಮತ್ತೆ ಚೂರು ಕಾಯಿಸಿ ತರಬೇಕು, ಕೆಡಿಸಲು ಒಂದು ಮಧ್ಯಾಹ್ನ ಸಾಕು ಎಂದು ಗೇಟಿನಲ್ಲೇ ನಿಂತು ಅವನಿಗೆ ಪಾಠ ಮಾಡಿದ್ದ. ಶ್ರೀಪಾಲ ಭಕ್ತಿಯಿಂದ ಕೇಳಿ, ಹಾಂಗಾರ ನಿಮ್ಮ ಕೈಯಾಗ ಕೊಟ್ಟಿದ್ದು ಛಲೋ ಆತ್ರಿ ಎಂದಿದ್ದ. ಆ ಮಾತು ಈಗ ಮಗ್ಗದ ಸದ್ದಿನ ನಡುವೆಯೂ ಸ್ಪಷ್ಟವಾಗಿ ಕೇಳಿಸಿ ಸುಹಾಸನ ಕಿವಿಗಳು ಬಿಸಿಯಾದವು. ವಾಪಸು ಬರುವಾಗ ಚಿಕ್ಕೋಡಿಯ ಚಹಾದಂಗಡಿಯ ಎದುರು, ಏಪ್ರಿಲ್ಲಿನ ಆ ಬಿಸಿಲಿನಲ್ಲಿ, ಗಾಜು ಏರಿಸಿ ಕಾರು ನಿಲ್ಲಿಸಿದ್ದು ಒಂದೇ ಒಂದು ಚಹಾಕ್ಕೆಂದು. ಅಲ್ಲಿ ಭೌತಶಾಸ್ತ್ರದ ನಿತಿನ ಸಿಕ್ಕ. ಸಿಕ್ಕವನು ಸುಮ್ಮನಿರದೆ, ಹವಾ ಹೇಗಿದೆ ಎಂದು ಕೇಳುವ ಧಾಟಿಯಲ್ಲಿ, ಪ್ರಬಂಧ ಎಲ್ಲಿಗೆ ಬಂತು ಎಂದು ಕೇಳಿದ. ಅವನಿಗೂ ಉತ್ತರ ಬೇಕಿರಲಿಲ್ಲ. ಆದರೆ ಹತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ನಗದೆ ಕೇಳಿದವನು ಅವನೊಬ್ಬನೇ. ಸುಹಾಸ ಭಜಿ ಕಟ್ಟಿಕೊಟ್ಟ ಕಾಗದವನ್ನು ಬಿಡಿಸಿ, ಎಣ್ಣೆ ಹತ್ತದ ಮೂಲೆ ಹುಡುಕಿ, ಮಲಗಿದ ಗೆರೆ ಎಳೆದ, ನಿಂತ ಗೆರೆ ಎಳೆದ. ತಾಪ ಒಂದು ಎಲ್ಲೆ ದಾಟಿತೆಂದರೆ ವಸ್ತು ಯಾರ ಮುಲಾಜೂ ನೋಡುವುದಿಲ್ಲ ಎಂದು ವಿವರಿಸಿದ. ಚಹಾ ಮತ್ತೆ ಬಂತು, ಮತ್ತೆ ಬಂತು. ನೆರಳು ರಸ್ತೆಯ ಆಚೆಗೆ ಹೋಗುವವರೆಗೂ ಅವನು ಹರಳುಗಳು ಬಿಸಿಗೆ ರೂಪ ಬದಲಿಸುವ ಬಗೆಯನ್ನು ನಿತಿನನಿಗೆ ತಿಳಿಹೇಳುತ್ತಲೇ ಇದ್ದ. ಹತ್ತು ಹೆಜ್ಜೆ ಆಚೆ ಕಾರಿನಲ್ಲಿ ಅವು ಬದಲಿಸುತ್ತಿದ್ದವು.

ಕಾರಿನ ಬಾಗಿಲು ತೆಗೆದಾಗ ಒಲೆಯ ಬಾಯಿಯಂಥ ಝಳ ಹೊಡೆಯಿತು. ಡಬ್ಬಿಯೊಳಗೆ ಚಾಕೊಲೇಟುಗಳು ತಂತಮ್ಮ ಕಾಗದದ ಬಟ್ಟಲಿನಲ್ಲಿ ಕರಗಿ, ಒದ್ದೆ ಎರೆಮಣ್ಣಿನ ಹಾಗೆ ಹೊಳೆಯುತ್ತಿದ್ದವು. ಸಂಶೋಧಕನಾದವನು ಆಗ ಏನು ಮಾಡಬೇಕಿತ್ತು? ಶ್ರೀಪಾಲನಿಗೆ ಫೋನು ಮಾಡಬೇಕಿತ್ತು. ಇವನೋ, ಹೆಂಡತಿ ತ್ರಿಶಲಾ ಬಸದಿಗೆ ಹೋದ ಹೊತ್ತು ನೋಡಿ, ಕಳ್ಳನ ಹಾಗೆ ಮನೆಗೆ ನುಗ್ಗಿ, ಡಬ್ಬಿಯನ್ನು ಫ್ರಿಜ್ಜಿನ ಐಸಿನ ಖಾನೆಯಲ್ಲಿ ತುರುಕಿದ. ಗಟ್ಟಿಯಾಯಿತು. ಗಟ್ಟಿಯಾಯಿತಲ್ಲ, ಮುಗಿಯಿತು ಎಂದುಕೊಂಡ. ಗಟ್ಟಿಯಾಗುವುದು ಮುಖ್ಯವಲ್ಲ, ಯಾವ ರೂಪದಲ್ಲಿ ಗಟ್ಟಿಯಾಗುತ್ತದೆ ಅನ್ನುವುದು ಮುಖ್ಯ ಎಂದು ಪ್ರತಿ ವರ್ಷ ಹುಡುಗರಿಗೆ ಬೋರ್ಡಿನ ಮೇಲೆ ಅಡಿಗೆರೆ ಎಳೆದು ಹೇಳುವ ಮನುಷ್ಯ! ಹದ ತಪ್ಪಿ ಹೆಪ್ಪಾದ ಕೊಬ್ಬು ಕೆಳರೂಪದಲ್ಲಿ ನಿಂತಿತ್ತು, ಅಲ್ಲಿ ಅದಕ್ಕೆ ನೆಮ್ಮದಿಯಿರಲಿಲ್ಲ. ದಿನಗಳುರುಳಿದಂತೆ ಮೆಲ್ಲಗೆ ಸ್ಥಿರರೂಪಕ್ಕೆ ಹೊರಳುತ್ತ, ಹೊರಳುವಾಗ ಬಿಳಿಯ ಹರಳಾಗಿ ಮೈಮೇಲೆ ಬಂದಿತ್ತು. ತಿನ್ನಲು ಯಾವ ಅಡ್ಡಿಯೂ ಇಲ್ಲ, ಚೂರು ಮರಳು ಮರಳು ಅನ್ನಿಸೀತು ಅಷ್ಟೆ. ಇಷ್ಟೆಲ್ಲ ತಿಳಿದೂ ಅವನು ಇವತ್ತು, ಎರಡನೇ ಶನಿವಾರದ ರಜೆಗೆ ಇಲ್ಲಿಗೆ ಬಂದಾಗ, ಡಬ್ಬಿಯನ್ನು ಮತ್ತೊಮ್ಮೆ ತೆರೆದು ನೋಡದೆ, ನೋಡಲು ಹೆದರಿ, ಅತ್ತೆಯ ಕೈಗೆ ಕೊಟ್ಟಿದ್ದ.

ತಪ್ಪೊಪ್ಪದೆಯೂ ಸಂಬಂಧವನ್ನು ಉಳಿಸಬಹುದೇನೋ ಎಂಬ ಆಸೆ ಹುಟ್ಟಿದ್ದು ಮಾವ ಫೋನಿನ ಮಾತೆತ್ತಿದಾಗ. ಶಾಸ್ತ್ರ ಇರುವುದಾದರೂ ಯಾತಕ್ಕೆ? ಸುಹಾಸ ಗಂಟಲು ಸರಿಮಾಡಿಕೊಂಡು, ಅದು ಬೂಸ್ಟಲ್ಲವೆಂದೂ ಕೋಕೋ ಬೆಣ್ಣೆಯ ಇನ್ನೊಂದು ಹರಳುರೂಪವೆಂದೂ ಮಗ್ಗಕ್ಕೆ ಮೀರಿದ ದನಿಯಲ್ಲಿ ಹೇಳತೊಡಗಿದ. ಶಾಲೆಯ ಹುಡುಗರು ಪ್ರಾರ್ಥನೆಗೆ ಒಂದು ಥರ ಸಾಲಾಗಿ ನಿಲ್ಲುತ್ತಾರೆ, ಕವಾಯತಿಗೆ ಒಂದು ಥರ, ಹುಡುಗರು ಅವರೇ ಎಂದ. ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದ. ಒತ್ತಡ ಎಂದ, ತಾಪ ಎಂದ, ಅರೆಸ್ಥಿರ ಎಂದ. ತವನಪ್ಪನವರು ಬೆರಳು ಹೋದ ಕಡೆಗೆಲ್ಲ ಗೌರವದಿಂದ ತಲೆ ತಿರುಗಿಸಿದರು; ಕೇಳಿಸುತ್ತಿತ್ತೋ ಇಲ್ಲವೋ. ಕಾಶಿಬಾಯಿ ಎಲ್ಲ ಕೇಳಿ, ಹಾಗಾದರೆ ಅದಕ್ಕೆ ಬಿಸಿ ಎಲ್ಲಿಂದ ತಗಲಿತು ಎಂದಳು. ವಾತಾವರಣದಿಂದ ಎಂದ ಸುಹಾಸ. ಕಾರಿನ ಒಳಗಿರುವುದೂ ವಾತಾವರಣವೇ ತಾನೆ. ಆದರೆ ಹಾಗೆ ಅಂದುಕೊಂಡು ತನ್ನನ್ನು ಸಮಾಧಾನ ಮಾಡಿಕೊಳ್ಳುವಾಗ ಜೊತೆಗೆ ಬಂದಿದ್ದ ತ್ರಿಶಲಾ ತನ್ನ ಮುಖವನ್ನೇ ನೋಡುತ್ತಿರುವುದು ಕಂಡು ಕಣ್ಣು ತಪ್ಪಿಸಿದ. ಅವಸರದಲ್ಲಿ ಪರೀಕ್ಷೆಯೊಂದನ್ನು ಮುಂದಿಟ್ಟ. ಒಂದು ಚಾಕೊಲೇಟನ್ನು ಬಟ್ಟಲಲ್ಲಿಟ್ಟು ಬಿಸಿನೀರಿನ ಮೇಲೆ ಹಿಡಿಯೋಣ. ಬಿಳುಪು ಕರಗಿ ಕಾಣೆಯಾದರೆ ಕೊಬ್ಬು, ಆಗದಿದ್ದರೆ ಬೂಸ್ಟು. ಇಷ್ಟು ನೇರವಾದ ಪ್ರಯೋಗ ಅವನ ಪ್ರಬಂಧದಲ್ಲೇ ಇರಲಿಲ್ಲ.

“ಬುರಶಿ ಆಗಿದ್ದರ?” ಎಂದಳು ಕಾಶಿಬಾಯಿ. “ಅಷ್ಟೂ ಜೀವ ಬಿಸೀಗೆ ಹಿಡದ ಸುಡೂದೇನು?”

ಅಲ್ಲವೆಂದು ನೂರಕ್ಕೆ ತೊಂಬತ್ತೊಂಬತ್ತು ಪಾಲು ಖಾತ್ರಿ ಇದೆ ಎಂದ ಸುಹಾಸ. ವಿಜ್ಞಾನಿಗೆ ನೂರು ಎನ್ನಲು ಬಾಯಿ ಬರುವುದಿಲ್ಲ, ಅದೊಂದು ಕೆಟ್ಟ ಚಟ.

“ಉಳದ ಒಂದು ಪಾಲಿನ್ಯಾಗ ಎಷ್ಟ ಜೀವ ಅದಾವ, ಅಳಿಯಾರ?”

ಅನಂತವನ್ನು ಒಂದು ಪಾಲಿಗೆ ಇಳಿಸಿದರೂ ಅನಂತವೇ ಉಳಿಯುತ್ತದೆ. ಕಾಶಿಬಾಯಿ ಡಬ್ಬಿಯನ್ನು ಮಲಗಿದ ಕೂಸನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಎತ್ತಿ, ಹಿತ್ತಲಿನ ನೀರಿನ ತೊಟ್ಟಿಯ ಪಕ್ಕ, ಬಿಸಿಲು ಬೀಳದ, ಯಾರ ಕಾಲೂ ತಾಗದ ಕಟ್ಟೆಯ ಮೇಲಿಟ್ಟು, ಜೀವಗಳು ತಮ್ಮ ಆಯುಷ್ಯ ತಾವೇ ಮುಗಿಸಿಕೊಳ್ಳಲಿ ಎಂದು ಣಮೋಕಾರ ಮಂತ್ರ ಹೇಳಿ ಬಂದಳು. ಆ ಕಡೆ ಯಾರೂ ಹೋಗಕೂಡದೆಂದು ಅಪ್ಪಣೆಯಾಯಿತು. ತನ್ನ ದಡ್ಡತನಕ್ಕೆ ಇಷ್ಟು ಮಂತ್ರೋಕ್ತವಾದ ಸಂಸ್ಕಾರ ಸಿಕ್ಕಿದ್ದನ್ನು ಕಿಟಕಿಯಿಂದ ನೋಡಿದ ಸುಹಾಸನಿಗೆ ನಗು ಬಂತು. ನಗು ಅರ್ಧಕ್ಕೇ ನಿಂತು ನಾಚಿಕೆಯಾಯಿತು. ಎದ್ದು ಹೇಳಿಬಿಡಲೇ? ಈ ಮನೆಯಲ್ಲಿ ಅವನಿಗೆ ಇದ್ದದ್ದು ಒಂದೇ ಒಂದು ಬಂಡವಾಳ. ಮಗ್ಗ ಬರದು, ಕಬ್ಬು ಬರದು, ನೂಲಿನ ದರ ತಿಳಿಯದು; ಷಡ್ಡಕರೆಲ್ಲ ಟ್ರ್ಯಾಕ್ಟರಿನ ಮಾತಾಡುವಾಗ ಹೂಂಗುಟ್ಟುವ ಅಳಿಯನನ್ನು ಗಾದಿ ಹಾಸಿ ಕೂರಿಸುತ್ತಿದ್ದದ್ದು ತಿಳಿದವರು ಎಂಬ ಒಂದೇ ಕಾರಣಕ್ಕೆ. ತನ್ನದೇ ವಿಷಯದಲ್ಲಿ, ಅದೇ ವಿಷಯದ ಪಾಠ ಮಾಡುತ್ತ, ಅದೇ ತಪ್ಪು ಮಾಡಿದೆನೆಂದು ಒಪ್ಪಿಕೊಂಡರೆ ಆ ಗಾದಿಯನ್ನು ಸುತ್ತಿ ಅಟ್ಟಕ್ಕೆ ಹಾಕುವುದೇ ಸರಿ.

ದೀಪಾಲಿ ಚಹಾ ತಂದಳು. ಅಪ್ಪನ ಮಗ್ಗದ ವ್ಯವಹಾರವನ್ನೆಲ್ಲ ನೋಡಿಕೊಳ್ಳುವ, ಬೇಕಾದಷ್ಟೇ ಮಾತಾಡುವ ಹುಡುಗಿ. ಬಂದ ವರಗಳನ್ನೆಲ್ಲ ಒಂದೊಂದು ನೆಪ ಹೇಳಿ ಕಳಿಸಿದ್ದಳು. ಶ್ರೀಪಾಲ ನೋಡಲು ಬಂದ ದಿನ ಸುಹಾಸನೂ ಇದ್ದ. ಆ ಮಾರಾಯ ದ್ರಾಕ್ಷಿ ಒಣಗಿಸುವ ಶೆಡ್ಡಿನ ತಟ್ಟೆಗಳ ಬಗ್ಗೆ ಉಸಿರು ಬಿಡದೆ ಮಾತಾಡಿದ್ದ. ಎಲ್ಲರೂ ಆಕಳಿಸುವಾಗ ಇವಳೊಬ್ಬಳು ಮೋಡ ಆದ ದಿನ ಏನ ಮಾಡ್ತೀರಿ ಎಂದು ಕೇಳಿದ್ದಳು. ಅವನು ಗಾಬರಿಯಾಗಿ ಮೊದಲ ಬಾರಿಗೆ ಅವಳ ಮುಖ ನೋಡಿದ್ದ. ಈಗ ಅವಳು ಬಟ್ಟಲನ್ನು ಕೆಳಗಿಟ್ಟು, ಅಕ್ಕನ ಗಂಡನ ಕಿವಿಯ ಹತ್ತಿರ ಬಗ್ಗಿದಳು.

“ದಾಜಿ, ನೀವು ಹೇಳಿದ್ದು ನನಗ ತಿಳೀಲಿಲ್ಲ, ಅವ್ವಗೂ ತಿಳೀಲಿಲ್ಲ. ತಿಳಿಯೂಹಂಗ ಏನರ ಇದ್ದರ ಹೇಳ್ರಿ. ಈ ಸಲ ನನಗ ಮನಸೈತಿ.”

ಅಷ್ಟು ಹೇಳಿ ಅವಳು ನೆಟ್ಟಗೆ ನಿಂತಳು, ಅಳಲಿಲ್ಲ. ಅತ್ತಿದ್ದರೆ ಸುಹಾಸ ಏನಾದರೂ ಸಮಾಧಾನ ಹೇಳಿ ಪಾರಾಗುತ್ತಿದ್ದ. ತಿಳಿಯುವ ಹಾಗೆ ಹೇಳುವಂಥದ್ದು ಒಂದೇ ಇತ್ತು. ಗೋಡೆಯ ಮೇಲಿನ ಬಿಸಿಲು ಕೆಂಪಾಗುತ್ತಿತ್ತು, ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ತವನಪ್ಪನವರು ಮೊಬೈಲನ್ನು ಕಣ್ಣಿನಿಂದ ದೂರ ಹಿಡಿದು, ಕಾಗವಾಡದವರ ಹೆಸರು ಹುಡುಕುತ್ತಿದ್ದರು. ಹೆಬ್ಬೆರಳು ಒಂದು ಕಡೆ ನಿಂತಿತು. ಸುಹಾಸನಿಗೆ ತಾನು ಎದ್ದು ನಿಂತದ್ದು ಗೊತ್ತಾಗಲಿಲ್ಲ. ಮಾವಾರ ಎಂದು ಕರೆದ; ಅವರಿಗೆ ಕೇಳಲಿಲ್ಲ. ಮತ್ತೆ ಕರೆದ, ಮಗ್ಗಗಳು ನುಂಗಿದವು. ಕೊನೆಗೆ ಹೊಟ್ಟೆಯೊಳಗಿನ ಉಸಿರನ್ನೆಲ್ಲ ಒಟ್ಟುಮಾಡಿ ಕಿರುಚಿದ. ಅವನು ಬಾಯಿ ತೆರೆಯುವುದಕ್ಕೂ ಬೋರಗಾಂವದ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಊರಿಗೆ ಊರೇ ಮಗ್ಗ ನಿಲ್ಲಿಸಿ ಮೌನವಾದ ಆ ಗಳಿಗೆಯಲ್ಲಿ ಅವನ ಮಾತು ಓಣಿಯ ತುದಿಯವರೆಗೂ ಹೋಯಿತು.

“ಆ ಡಬ್ಬಿ ನಾನ ಬಿಸಲಾಗ ಗಾಡ್ಯಾಗ ಬಿಟ್ಟು ಚಾ ಕುಡಕೋತ ಕುಂತಿದ್ನಿ. ಎಲ್ಲಾ ಕರಗಿ ನೀರಾಗಿತ್ತು!”

ಎಲ್ಲರಿಗಿಂತ ಮೊದಲು ಉತ್ತರ ಬಂದದ್ದು ಮಗ್ಗದ ಶೆಡ್ಡಿನ ಕಿಟಕಿಯಿಂದ. ಮಗ್ಗ ನಡೆಸುವ ಮಾಳಸಿದ್ದ ತಲೆ ಹೊರಹಾಕಿ, ಏನು ಕರಗಿತು ಸರ್ ಎಂದು ವಿನಯದಿಂದ ವಿಚಾರಿಸಿದ. ಕಾಶಿಬಾಯಿ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ಅಳಿಯನ ಮುಂದೆ ನಿಂತಳು. ಈಗ ಕೂಗುವ ಅಗತ್ಯವಿರಲಿಲ್ಲವಾಗಿ ಅವಳ ದನಿ ಸುಹಾಸ ಎಂದೂ ಕೇಳದಷ್ಟು ಸಣ್ಣದಾಗಿ ಬಂತು.

“ಗಾಡ್ಯಾಗ? ಗಾಜ ಏರಸಿ?”

“ಹೌದ್ರಿ.”

“ಮತ್ತ ಗಟ್ಟಿ ಆಗಲಿ ಅಂತ ಫ್ರಿಜ್ಜಿನ್ಯಾಗ ಇಟ್ಟಿರಿ?”

“ಹೌದ್ರಿ.”

“ಹಾಂಗಾರ ಬುರಶಿ ಅಲ್ಲ ಬಿಡ್ರಿ,” ಎಂದು ಕಾಶಿಬಾಯಿ ಕನ್ನಡಕ ತೆಗೆದಳು.

ಅಷ್ಟೆ. ನಕ್ಷೆ ಬೇಕಾಗಲಿಲ್ಲ, ಪ್ರಯೋಗ ಬೇಕಾಗಲಿಲ್ಲ, ಉಳಿದ ಒಂದು ಪಾಲು ಎಲ್ಲಿ ಹೋಯಿತೋ ಯಾರೂ ಕೇಳಲಿಲ್ಲ. ಕರಗಿದ ತುಪ್ಪ ಆಮೇಲೆ ಹೆಪ್ಪಾದರೆ ಬೆಳ್ಳಗೆ ಹರಳು ಕಟ್ಟುವುದಿಲ್ಲವೇ, ಇದೂ ಹಾಗೇ ಎಂದು ಅವಳೇ ಗಂಡನಿಗೆ ವಿವರಿಸಿದಳು. ಮಧ್ಯಾಹ್ನದಿಂದ ತಾನು ಹೇಳುತ್ತಿದ್ದದ್ದು ಅದನ್ನೇ ಅಲ್ಲವೇ ಎನ್ನಲು ಸುಹಾಸ ಬಾಯಿ ತೆರೆದ, ಆದರೆ ಅಷ್ಟರಲ್ಲಿ ಸಾಕ್ಷಿಗಳು ಎದ್ದು ನಿಂತಿದ್ದರು. ಇವರು ಕರಗಿಸಿಯೇ ಇರುತ್ತಾರೆ, ಇಲ್ಲಿಗೆ ಬರುವಾಗಿನಿಂದ ಮುಖ ನೋಡಿದರೇ ಗೊತ್ತಾಗುತ್ತಿತ್ತು ಎಂದಳು ತ್ರಿಶಲಾ. ಹೋದ ವರ್ಷ ಹಾಲನ್ನು ಒಲೆಯ ಮೇಲಿಟ್ಟು ಯಾವುದೋ ಗೆರೆ ಎಳೆಯುತ್ತ ಕೂತು ಪಾತೇಲಿಯ ತಳ ತೂತಾಗಿದ್ದನ್ನು ಹೇಳಿದಳು. ತವನಪ್ಪನವರೂ ಮದುವೆಯ ಮರುದಿನ ಅಳಿಯ ತಮ್ಮ ಚಪ್ಪಲಿ ಮೆಟ್ಟಿಕೊಂಡು ಚಿಕ್ಕೋಡಿಗೆ ಹೋದದ್ದನ್ನು ನೆನಪಿಸಿಕೊಂಡು, ಮೈ ಕುಲುಕಿಸಿ ನಕ್ಕರು. ಆ ಮನುಷ್ಯ ನಗುವುದನ್ನು ಸುಹಾಸ ನೋಡಿದ್ದು ಅದೇ ಮೊದಲು. ಹತ್ತು ವರ್ಷದಲ್ಲಿ ಅವನ ಯಾವ ಮಾತನ್ನೂ ಯಾವ ಪರೀಕ್ಷಕನೂ ಇಷ್ಟು ಬೇಗ, ಇಷ್ಟು ಸರ್ವಾನುಮತದಿಂದ ಒಪ್ಪಿರಲಿಲ್ಲ. ಅವನ ಜ್ಞಾನದ ಮೇಲೆ ಯಾರಿಗೂ ಇಲ್ಲದ ನಂಬಿಕೆ ಅವನ ದಡ್ಡತನದ ಮೇಲೆ ಎಲ್ಲರಿಗೂ ಇತ್ತು. ಅವನಿಗೆ ಅವಮಾನವಾಯಿತು, ನಿಜ. ಆದರೆ ಅವಮಾನದ ಅಡಿಯಲ್ಲಿ ಇನ್ನೇನೋ ಹಾಯೆನಿಸುವಂಥದ್ದು ಹರಡಿಕೊಳ್ಳುತ್ತಿತ್ತು. ಇಷ್ಟು ವರ್ಷ ಆ ಗಾದಿಯ ಮೇಲೆ ಬೆನ್ನು ಸೆಟೆಸಿ ಕೂತವನು ಈಗ ಕೆಳಗೆ, ನೆಲದ ಮೇಲೆ, ಗೋಡೆಗೆ ಒರಗಿ ಕೂತ.

ದೀಪಾಲಿ ಯಾರ ಅಪ್ಪಣೆಗೂ ಕಾಯದೆ ಹಿತ್ತಲಿಗೆ ಹೋಗಿ ಡಬ್ಬಿ ತಂದಳು. ನಡುಮನೆಯಲ್ಲಿ ನಿಂತು, ಎಲ್ಲರೂ ನೋಡುತ್ತಿರುವಂತೆ, ಬೂದಿಬಣ್ಣದ ಒಂದು ಚಾಕೊಲೇಟನ್ನು ಪೂರ್ತಿಯಾಗಿ ಬಾಯಿಗೆ ಹಾಕಿಕೊಂಡಳು. ಮೆಲ್ಲಗೆ ಅಗಿದಳು. ಹ್ಯಾಂಗೈತಿ ಎಂದು ತ್ರಿಶಲಾ ಕೇಳಿದರೆ ಇನ್ನೊಂದನ್ನು ತೆಗೆದುಕೊಂಡಳು. ಕಾಶಿಬಾಯಿ ಅದನ್ನು ನೋಡಿದಳು, ಮಗಳ ಮುಖ ನೋಡಿದಳು, ಗಂಡನ ಕೈಯಿಂದ ಫೋನು ಕಸಿದುಕೊಂಡು ತಾನೇ ಕಾಗವಾಡಕ್ಕೆ ಹಚ್ಚಿದಳು. ಚಾಕೊಲೇಟು ಮುಟ್ಟಿತು, ಹುಡುಗಿ ತಿನ್ನುತ್ತಿದ್ದಾಳೆ, ಒಳ್ಳೆಯ ದಿನ ನೋಡಿ ಹಿರಿಯರು ಬರಬೇಕು ಎಂದಳು. ಬಿಳುಪಿನ ಸಂಗತಿಯನ್ನೂ ಮುಚ್ಚಿಡದೆ, ಅಳಿಯ ಅದನ್ನು ಬಿಸಿಲಿಗೆ ಬಿಟ್ಟು ಕೆಡಿಸಿದ್ದನ್ನು ಮೊದಲಿನಿಂದ ಕೊನೆಯವರೆಗೆ ವರ್ಣಿಸಿದಳು. ಆ ಕಡೆಯಿಂದ ಶ್ರೀಪಾಲನ ತಾಯಿ ಏನೋ ಅಂದರು. ನಗು ಕೇಳಿಸಿತು, ಇಂಥವರು ಕಾಲೇಜಿನಲ್ಲಿ ಏನು ಕಲಿಸುತ್ತಾರೋ ಎಂಬರ್ಥದ ಮಾತೂ ಕೇಳಿಸಿತು. ಕಾಶಿಬಾಯಿಯ ಮುಖ ಬಿಗಿಯಿತು. ನೆಲದ ಮೇಲೆ ಕೂತ ಸುಹಾಸನ ಕಡೆಗೊಮ್ಮೆ ನೋಡಿ, ಮದುವೆ ಮಾಡಿಕೊಟ್ಟ ಮಗಳನ್ನು ಬಿಟ್ಟುಕೊಡದ ತಾಯಿಯ ದನಿಯಲ್ಲಿ ಹೇಳಿದಳು.

“ಹಾಂಗ ಅನಬ್ಯಾಡ್ರಿ. ನಮ್ಮ ಅಳಿಯಾರು ಬಂಗಾರದಂಥಾ ಮನಷ್ಯಾ. ಭಾಳ ಕಲತಾರ, ಅಷ್ಟ.”